ಚೆಕ್ಕಿನ ಬೆನ್ನ ಮೇಲೆ ಬರೆಯುವ ಮುನ್ನ

ನಿಮ್ಮ ಕೈಗೆ ಒಂದು ಚೆಕ್ಕು ಬಂದಿದೆ ಎಂದುಕೊಳ್ಳಿ. ಮುಂಭಾಗದಲ್ಲಿ ಹೆಸರು, ಮೊತ್ತ, ದಿನಾಂಕ, ಸಹಿ ಎಲ್ಲವೂ ಇವೆ. ಹಿಂಭಾಗ ಖಾಲಿ. ಬ್ಯಾಂಕಿನಲ್ಲಿ 'ಹಿಂದುಗಡೆ ಒಂದು ಸಹಿ ಹಾಕಿ' ಎಂದರೆ ನಾವು ಹಿಂದುಮುಂದು ನೋಡದೆ ಹಾಕಿಬಿಡುತ್ತೇವೆ. ಆ ಸಹಿಯ ಅರ್ಥವೇನೆಂದು ಕೇಳುವವರು ಕಡಿಮೆ. ಅದೇ ಸಹಿ ಒಂದು ಚೆಕ್ಕಿನ ಮೇಲೆ ಬರೀ ರಸೀತಿಯಾಗಿರುತ್ತದೆ. ಇನ್ನೊಂದರ ಮೇಲೆ ನಿಮ್ಮ ಹಣವನ್ನು ಬೇರೆಯವರಿಗೆ ಒಪ್ಪಿಸುವ ಅಪ್ಪಣೆಯಾಗುತ್ತದೆ. ಮತ್ತೊಂದರ ಮೇಲೆ ಅದಕ್ಕೆ ಯಾವ ಬೆಲೆಯೂ ಇರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಹಣ ಕಳೆದುಕೊಳ್ಳುವ ಸಂಭವ ಉಂಟು.

ಈ ನಿಯಮಗಳನ್ನು ನಾಲ್ಕು ಊರುಗಳ ನಾಲ್ಕು ಚೆಕ್ಕುಗಳ ಮೂಲಕ ನೋಡೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ರಾಜ್ಯ ಸಚಿವ ಸಂಪುಟವು ಅದಕ್ಕೆ 'ಬೆಂಗಳೂರು ದಕ್ಷಿಣ' ಎಂಬ ಹೆಸರಿಡಲು ತೀರ್ಮಾನಿಸಿತು. ರೇಷ್ಮೆ, ಬೊಂಬೆ, ಮಾವು, ಹಾಲು - ಇವು ಇಲ್ಲಿಯ ಜನರ ಆದಾಯದ ಮೂಲಗಳು. ಮುಂದಿನ ಉದಾಹರಣೆಗಳಲ್ಲಿ ಬರುವ ವ್ಯಕ್ತಿಗಳು ಕಲ್ಪಿತ. ನಿಯಮಗಳು ಮಾತ್ರ ನಿಜ.

ಚೆಕ್ ಎಂದರೆ ಅಪ್ಪಣೆ

ಚೆಕ್ಕು ಹಣವಲ್ಲ, ಹಣ ಕೊಡಿ ಎಂದು ಬ್ಯಾಂಕಿಗೆ ಬರೆದ ಅಪ್ಪಣೆ. ಇದರಲ್ಲಿ ಮೂವರು ಇರುತ್ತಾರೆ: ಚೆಕ್ ಬರೆದವರು, ಹಣ ಕೊಡಬೇಕಾದ ಅವರ ಬ್ಯಾಂಕು ಮತ್ತು ಹಣ ಪಡೆಯಬೇಕಾದವರು. ಭಾರತದಲ್ಲಿ ಇದನ್ನು ನಿಯಂತ್ರಿಸುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ. ಕೈಯಿಂದ ಕೈಗೆ ವರ್ಗಾಯಿಸಬಹುದಾದ ಹಣದ ಪತ್ರಗಳ ಕಾಯಿದೆ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು.

ಕಾಯಿದೆಯ ಕಲಮುಗಳು ಹಲವು. ಆದರೆ ಚೆಕ್ಕನ್ನು ಕೈಗೆತ್ತಿಕೊಂಡ ಬ್ಯಾಂಕಿನ ಮುಂದೆ ಇರುವ ಪ್ರಶ್ನೆ ಒಂದೇ: 'ಈ ಹಣವನ್ನು ಯಾರಿಗೆ ಕೊಟ್ಟರೆ ನನ್ನ ಹೊಣೆ ತೀರುತ್ತದೆ?' ಚೆಕ್ಕಿನ ಮೇಲಿನ ಪ್ರತಿಯೊಂದು ಪದ, ಪ್ರತಿಯೊಂದು ಗೆರೆ ಈ ಪ್ರಶ್ನೆಗೆ ಉತ್ತರ. ಇದನ್ನು ನೆನಪಿಟ್ಟರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ರಾಮನಗರ: ತಂದವರಿಗೆ ಹಣ

ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಮಾರಿದ ಹಣ ಇಂದು ನೇರವಾಗಿ ರೈತರ ಖಾತೆಗೆ ಹೋಗುತ್ತದೆ. ಆದರೆ ಮಾರುಕಟ್ಟೆಯ ಹೊರಗಿನ ವ್ಯವಹಾರಗಳಿಗೆ ಚೆಕ್ಕು ಇನ್ನೂ ಬಳಕೆಯಲ್ಲಿದೆ. ಒಬ್ಬ ರೈತರು ಹಿಪ್ಪುನೇರಳೆ ಸೊಪ್ಪು ಮಾರಿ 12,000 ರೂಪಾಯಿಯ ಚೆಕ್ ಪಡೆದರು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದು ಕಳೆದುಹೋಯಿತು.

ಈಗ ಹಣದ ಗತಿಯೇನು? ಅದನ್ನು ತೀರ್ಮಾನಿಸುವುದು ಹೆಸರಿನ ಸಾಲಿನ ಕೊನೆಯಲ್ಲಿ ಅಚ್ಚಾಗಿರುವ 'ಆರ್ ಬೇರರ್' ಎಂಬ ಎರಡು ಪದಗಳು. ಬೇರರ್ ಎಂದರೆ ಚೆಕ್ಕನ್ನು ಹಿಡಿದು ತಂದವರು. ಚೆಕ್ ಬರೆದವರು ಈ ಪದಗಳನ್ನು ಹೊಡೆದುಹಾಕದಿದ್ದರೆ ಅದು ಬೇರರ್ ಚೆಕ್ಕು. ಅದನ್ನು ತಂದವರಿಗೆ ಬ್ಯಾಂಕು ಒಳ್ಳೆಯ ನಂಬಿಕೆಯಿಂದ, ಅಲಕ್ಷ್ಯವಿಲ್ಲದೆ ಹಣ ಕೊಟ್ಟರೆ ಅದರ ಹೊಣೆ ತೀರಿತು. ಹಿಂಭಾಗದಲ್ಲಿ ಯಾರ ಸಹಿಯಿದ್ದರೂ ಇದು ಬದಲಾಗದು ಎನ್ನುತ್ತದೆ ಕಲಂ 85. ಕೌಂಟರಿನಲ್ಲಿ ಬೇರರ್ ಚೆಕ್ ಕೊಟ್ಟು ನಗದು ಪಡೆಯುವವರಿಂದ ಬ್ಯಾಂಕು ಹಿಂದುಗಡೆ ತೆಗೆದುಕೊಳ್ಳುವ ಸಹಿ ಕೇವಲ ರಸೀತಿ. ಅದು ಹಕ್ಕಿನ ವರ್ಗಾವಣೆಯಲ್ಲ.

ನಮ್ಮ ರೈತರು ತಕ್ಷಣ ಚೆಕ್ ಬರೆದವರಿಗೆ ತಿಳಿಸಿ ಅವರ ಬ್ಯಾಂಕಿನಲ್ಲಿ ಪಾವತಿ ನಿಲ್ಲಿಸಬೇಕು. ಅಷ್ಟರೊಳಗೆ ಬೇರೆಯವರು ಹಣ ಪಡೆದಿದ್ದರೆ ಅದನ್ನು ಮರಳಿ ಪಡೆಯುವುದು ಕಷ್ಟ. ಆದರೆ ಈ ತೊಂದರೆಯನ್ನು ಮೊದಲೇ ತಪ್ಪಿಸುವ ದಾರಿ ಅವರ ಕೈಯಲ್ಲೇ ಇತ್ತು. ಚೆಕ್ಕಿಗೆ ಅಡ್ಡಗೆರೆ ಎಳೆಯುವ ಹಕ್ಕು ಬರೆದವರಿಗೆ ಮಾತ್ರವಲ್ಲ, ಚೆಕ್ ಪಡೆದವರಿಗೂ ಇದೆ (ಕಲಂ 125). ಚೆಕ್ಕು ಕೈಗೆ ಬಂದ ಕೂಡಲೇ ಎಡ ಮೇಲ್ಭಾಗದಲ್ಲಿ ಎರಡು ಸಮಾಂತರ ಓರೆಗೆರೆ ಎಳೆದಿದ್ದರೆ ಕೌಂಟರಿನಲ್ಲಿ ಯಾರಿಗೂ ನಗದು ಸಿಗುತ್ತಿರಲಿಲ್ಲ.

ಚನ್ನಪಟ್ಟಣ: ಹಿಂಬರಹ ಎಂಬ ವರ್ಗಾವಣೆ

ಚನ್ನಪಟ್ಟಣದ ಬೊಂಬೆ ತಯಾರಕರೊಬ್ಬರಿಗೆ ಬೆಂಗಳೂರಿನ ಅಂಗಡಿಯಿಂದ 18,000 ರೂಪಾಯಿಯ ಚೆಕ್ಕು ಬಂದಿದೆ. 'ಆರ್ ಬೇರರ್' ಹೊಡೆದುಹಾಕಲಾಗಿದೆ; ಅಡ್ಡಗೆರೆ ಇಲ್ಲ. ಇದು ಆರ್ಡರ್ ಚೆಕ್ಕು: ಹೆಸರಿರುವವರಿಗೆ ಅಥವಾ ಅವರು ಹೇಳಿದವರಿಗೆ ಹಣ. ತಯಾರಕರು ಆಲೆ ಮರ ಮತ್ತು ಅರಗು ಕೊಟ್ಟ ವ್ಯಾಪಾರಿಗೆ ಅಷ್ಟೇ ಹಣ ಕೊಡಬೇಕು. ಇದೇ ಚೆಕ್ಕನ್ನು ಅವರಿಗೆ ದಾಟಿಸಬಹುದೆ?

ಕಾನೂನಿನ ಪ್ರಕಾರ ದಾಟಿಸಬಹುದು. ಅದಕ್ಕಾಗಿ ಹಿಂಭಾಗದಲ್ಲಿ ಬರೆದು ಸಹಿ ಮಾಡುವುದೇ ಹಿಂಬರಹ, ಅಂದರೆ ಎಂಡಾರ್ಸ್‌ಮೆಂಟ್. ಇದರಲ್ಲಿ ಎರಡು ಬಗೆ (ಕಲಂ 16).

ಬರೀ ಸಹಿ ಮಾಡಿದರೆ ಅದು ಖಾಲಿ ಹಿಂಬರಹ. ಸಹಿಯಾದ ಕ್ಷಣದಿಂದ ಆ ಚೆಕ್ಕು ಬೇರರ್ ಚೆಕ್ಕಿನಂತೆ ವರ್ತಿಸುತ್ತದೆ. ದಾರಿಯಲ್ಲಿ ಕಳೆದರೆ ರಾಮನಗರದ ರೈತರ ಪಾಡೇ ಇವರದೂ. ಆದ್ದರಿಂದ ಮನೆಯಲ್ಲೇ ಸಹಿ ಹಾಕಿಕೊಂಡು ಬ್ಯಾಂಕಿಗೆ ಹೊರಡಬೇಡಿ.

'ಇಂಥವರಿಗೆ ಅಥವಾ ಅವರ ಆದೇಶದಂತೆ ಪಾವತಿಸಿ' ಎಂದು ಹೆಸರು ಬರೆದು ಸಹಿ ಮಾಡಿದರೆ ಅದು ಪೂರ್ಣ ಹಿಂಬರಹ. ಈಗ ಹಣ ಆ ಹೆಸರಿನವರಿಗೆ ಮಾತ್ರ. ಅವರು ಬೇರೆಯವರಿಗೆ ದಾಟಿಸಬೇಕಾದರೆ ಅವರೂ ಸಹಿ ಮಾಡಬೇಕು.

ಹಿಂಬರಹ ಬರೆಯುವಾಗ ಗಮನಿಸಬೇಕಾದ ಸಂಗತಿಗಳು ಇವು:

1. ಮುಂಭಾಗದಲ್ಲಿ ಹೆಸರು ಹೇಗೆ ಬರೆದಿದೆಯೋ ಹಾಗೆಯೇ ಸಹಿ ಇರಬೇಕು. 'ಶಾರದಾ' ಎಂಬವರ ಹೆಸರು 'ಶಾರದ' ಎಂದು ಬಿದ್ದಿದ್ದರೆ ಮೊದಲು ಅದೇ ರೀತಿ ಬರೆದು, ಕೆಳಗೆ ತಮ್ಮ ಎಂದಿನ ಸಹಿ ಮಾಡುವುದು ರೂಢಿ. ಶ್ರೀ, ಶ್ರೀಮತಿ ಎಂಬ ಗೌರವಸೂಚಕಗಳು ಸಹಿಯಲ್ಲಿ ಬೇಡ.

2. ಮೊತ್ತದ ಒಂದು ಭಾಗವನ್ನು ಮಾತ್ರ ದಾಟಿಸುವಂತಿಲ್ಲ (ಕಲಂ 56). 18,000ದಲ್ಲಿ 10,000 ಮರದ ವ್ಯಾಪಾರಿಗೆ, ಉಳಿದದ್ದು ನನಗೆ ಎಂದು ಬರೆದರೆ ಅದು ಸಲ್ಲುವುದಿಲ್ಲ.

3. ಹೆಬ್ಬೆಟ್ಟು ಒತ್ತುವವರಾದರೆ ಸಾಕ್ಷಿಗಳ ಸಹಿ ಬೇಕು.

4. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ. ಗ್ರಾಹಕರು ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಆ ಪ್ರದೇಶದ ಭಾಷೆಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಹಿಂಬರಹ ಮಾಡಿದವರು ಹಕ್ಕನ್ನು ದಾಟಿಸುವುದರ ಜೊತೆಗೆ ಹೊಣೆಯನ್ನೂ ಹೊರುತ್ತಾರೆ. ಅಂಗಡಿಯವರ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ, ಮರದ ವ್ಯಾಪಾರಿ ಬೊಂಬೆ ತಯಾರಕರಿಂದಲೂ ಹಣ ಕೇಳಬಹುದು (ಕಲಂ 35). ಆದ್ದರಿಂದ ಚೆಕ್ಕನ್ನು ತಮ್ಮ ಖಾತೆಗೆ ಹಾಕಿ, ಹಣ ಬಂದ ಮೇಲೆ ವ್ಯಾಪಾರಿಗೆ ಕೊಡುವುದೇ ಕ್ಷೇಮ. ಹಿಂಬರಹ ಮಾಡಲೇಬೇಕಾದರೆ, ಅದನ್ನು ಪಡೆಯುವವರ ಶಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಕನಕಪುರ: ದಾಟಿಸಲಾಗದ ಚೆಕ್ಕು

ಮೂರನೆಯ ಚೆಕ್ಕು ಶಿಕ್ಷಕರಿಗೆ ಪರಿಚಿತವಾದದ್ದು. ಕನಕಪುರ ತಾಲ್ಲೂಕಿನ ಶಾಲೆಯೊಂದರ ವಿದ್ಯಾರ್ಥಿನಿಗೆ ವಿಜ್ಞಾನ ಸ್ಪರ್ಧೆಯಲ್ಲಿ 2,000 ರೂಪಾಯಿ ಬಹುಮಾನ ಬಂದಿದೆ. ಚೆಕ್ಕು ಅವಳ ಹೆಸರಿನಲ್ಲಿದೆ. ಎಡಮೂಲೆಯಲ್ಲಿ ಎರಡು ಗೆರೆಗಳ ನಡುವೆ 'ಅಕೌಂಟ್ ಪೇಯೀ' ಎಂದು ಬರೆದಿದೆ. ಅವಳಿಗೆ ಖಾತೆಯಿಲ್ಲ. 'ಹಿಂದುಗಡೆ ಸಹಿ ಮಾಡಮ್ಮ, ನನ್ನ ಖಾತೆಗೆ ಹಾಕಿ ಹಣ ತೆಗೆದುಕೊಡುತ್ತೇನೆ' ಎನ್ನುತ್ತಾರೆ ಮೇಷ್ಟ್ರು. ಉದ್ದೇಶ ಒಳ್ಳೆಯದೇ. ಆದರೆ ಬ್ಯಾಂಕು ಇದನ್ನು ಒಪ್ಪುವುದಿಲ್ಲ. ಏಕೆ?

ಗೆರೆಗಳಲ್ಲಿಯೂ ಹಂತಗಳಿವೆ. ಬರೀ ಎರಡು ಗೆರೆಗಳಿದ್ದರೆ ಹಣ ಬ್ಯಾಂಕಿನ ಮೂಲಕವೇ ಹೋಗಬೇಕು. ಆದರೆ ಹಿಂಬರಹದಿಂದ ದಾಟಿಸಬಹುದು. ಗೆರೆಗಳ ನಡುವೆ 'ನಾಟ್ ನೆಗೋಷಿಯಬಲ್' ಎಂದಿದ್ದರೆ ಆಗಲೂ ದಾಟಿಸಬಹುದು. ಆದರೆ ಕೊಟ್ಟವರಿಗೆ ಇದ್ದ ಹಕ್ಕಿಗಿಂತ ಹೆಚ್ಚಿನ ಹಕ್ಕು ಪಡೆದವರಿಗೆ ಬರುವುದಿಲ್ಲ (ಕಲಂ 130). ಕದ್ದ ಚೆಕ್ಕನ್ನು ತಿಳಿಯದೆ ಪಡೆದವರಿಗೂ ಹಕ್ಕು ಹುಟ್ಟುವುದಿಲ್ಲ ಎಂದು ಇದರ ಅರ್ಥ. 'ಅಕೌಂಟ್ ಪೇಯೀ' ಎಲ್ಲಕ್ಕಿಂತ ಬಿಗಿ. ಇಂಥ ಚೆಕ್ಕಿನ ಹಣವನ್ನು ಅದರಲ್ಲಿ ಹೆಸರಿರುವವರ ಖಾತೆಗೆ ಹೊರತು ಬೇರೆ ಯಾರ ಖಾತೆಗೂ ಜಮಾ ಮಾಡಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ನಿರ್ದೇಶಿಸಿದೆ. ಹಿಂದೆ ಎಷ್ಟು ಸಹಿಗಳಿದ್ದರೂ ಪ್ರಯೋಜನವಿಲ್ಲ.

ಇದಕ್ಕೆ ಒಂದು ವಿನಾಯಿತಿ ಇದೆ. ಸಹಕಾರಿ ಪತ್ತಿನ ಸಂಘದ ಸದಸ್ಯರ ಹೆಸರಿನ, 50,000 ರೂಪಾಯಿ ಮೀರದ ಅಕೌಂಟ್ ಪೇಯೀ ಚೆಕ್ಕನ್ನು, ಸಂಘವು ಲಿಖಿತ ಹೊಣೆ ಹೊತ್ತರೆ, ಬ್ಯಾಂಕು ಸಂಘದ ಖಾತೆಗೆ ಜಮಾ ಮಾಡಬಹುದು.

ವಿದ್ಯಾರ್ಥಿನಿಗೆ ಸರಿಯಾದ ದಾರಿ ಅವಳದೇ ಉಳಿತಾಯ ಖಾತೆ. ಅಪ್ರಾಪ್ತ ವಯಸ್ಸಿನವರ ಖಾತೆಯನ್ನು ಪೋಷಕರ ಮೂಲಕ ತೆರೆಯಬಹುದು. 10 ವರ್ಷ ತುಂಬಿದ ಮಕ್ಕಳಿಗೆ, ಬ್ಯಾಂಕಿನ ಮಿತಿಗಳಿಗೆ ಒಳಪಟ್ಟು, ತಾವೇ ಖಾತೆ ನಡೆಸಲು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಚೆಕ್ಕು ಬಂದ ಮೇಲೆ ಓಡಾಡುವುದಕ್ಕಿಂತ, ಸ್ಪರ್ಧೆಗೆ ಹೆಸರು ಕಳಿಸುವಾಗಲೇ ಖಾತೆ ಮಾಡಿಸಿ, ಖಾತೆಯಲ್ಲಿರುವಂತೆಯೇ ಹೆಸರನ್ನು ಬರೆದು ಕಳಿಸುವುದು ಒಳ್ಳೆಯದು.

ಚೆಕ್ಕು ನಿಲ್ಲುತ್ತದೆ, ಚಿತ್ರ ಹೋಗುತ್ತದೆ

ಹೀಗೆ ಖಾತೆಗೆ ಹಾಕಿದ ಚೆಕ್ಕು ಮುಂದೆ ಏನಾಗುತ್ತದೆ? ಹಿಂದೆ ಕನಕಪುರದಲ್ಲಿ ಹಾಕಿದ ಬೆಂಗಳೂರಿನ ಚೆಕ್ಕು ಕಾಗದವಾಗಿಯೇ ಬೆಂಗಳೂರಿಗೆ ಪ್ರಯಾಣ ಮಾಡಬೇಕಿತ್ತು. 'ಹೊರ ಊರಿನ ಚೆಕ್ಕು' ಎಂದರೆ ಹಲವು ದಿನಗಳ ಕಾಯುವಿಕೆ. ಈಗ ಕಾಗದ ನೀವು ಹಾಕಿದ ಬ್ಯಾಂಕಿನಲ್ಲೇ ಉಳಿಯುತ್ತದೆ. ಅದರ ಚಿತ್ರ ಮಾತ್ರ ಹೋಗುತ್ತದೆ. ಇದೇ ಚೆಕ್ ಟ್ರಂಕೇಷನ್ ವ್ಯವಸ್ಥೆ, ಸಂಕ್ಷೇಪವಾಗಿ ಸಿ.ಟಿ.ಎಸ್. 2002ರ ತಿದ್ದುಪಡಿ ಇದಕ್ಕೆ ಕಾನೂನಿನ ನೆಲೆ ಒದಗಿಸಿತು. 2008ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ, 2011ರಲ್ಲಿ ಚೆನ್ನೈಯಲ್ಲಿ ಅದು ಆರಂಭವಾಯಿತು. ಎಲ್ಲ ಶಾಖೆಗಳೂ 2021ರ ಸೆಪ್ಟೆಂಬರ್ ಅಂತ್ಯದೊಳಗೆ ಇದಕ್ಕೆ ಸೇರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತು. 2025ರ ಅಕ್ಟೋಬರ್ 4ರಿಂದ ಚಿತ್ರಗಳು ನಿಗದಿತ ಅವಧಿಯಲ್ಲಿ ನಿರಂತರವಾಗಿ ಹೋಗುತ್ತಿದ್ದು, ಹಣ ಕೊಡಬೇಕಾದ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಉತ್ತರಿಸಬೇಕು. ಉತ್ತರಿಸದಿದ್ದರೆ ಒಪ್ಪಿದಂತೆ ಲೆಕ್ಕ.

ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯನ್ನು ಗಮನಿಸಿ. ಅಲ್ಲಿರುವ ವಿಚಿತ್ರ ಆಕಾರದ ಅಂಕಿಗಳು ಎಂ.ಐ.ಸಿ.ಆರ್. ಅಂಕಿಗಳು. ಎಡದಿಂದ ಮೊದಲ 6 ಅಂಕಿ ಚೆಕ್ ಸಂಖ್ಯೆ. ಮುಂದಿನ 9ರಲ್ಲಿ ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ. ಬೆಂಗಳೂರಿನ ಸಂಕೇತ 560. ಅದರ ಪಿನ್ ಕೋಡಿನ ಮೊದಲ ಮೂರು ಅಂಕಿಯೂ ಇದೇ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಸಂಕೇತ 002, ಕೆನರಾ ಬ್ಯಾಂಕಿನದು 015. ಅನಂತರದ 6 ಅಂಕಿ ಖಾತೆಗೆ ಸಂಬಂಧಿಸಿದ್ದು. ಕೊನೆಯ ಎರಡು ವಹಿವಾಟಿನ ಬಗೆಯನ್ನು ಸೂಚಿಸುತ್ತವೆ.

ಈ ಅಂಕಿಗಳ ಶಾಯಿಯಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಯಂತ್ರವು ಮೊದಲು ಶಾಯಿಯನ್ನು ಕಾಂತೀಕರಿಸಿ, ಅನಂತರ ಸುರುಳಿಯಿರುವ ಓದುಮುಖದ ಎದುರು ಸರಿಸುತ್ತದೆ. ಅಂಕಿ ಸರಿದಂತೆ ಕಾಂತ ಅಭಿವಾಹ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಪ್ರೌಢಶಾಲೆಯಲ್ಲಿ ಕಲಿಸುವ ಫ್ಯಾರಡೆಯ ನಿಯಮವೇ ಇಲ್ಲಿ ಕೆಲಸ ಮಾಡುವುದು. ಇ-13ಬಿ ಎಂಬ ಈ ಅಕ್ಷರಮಾದರಿಯಲ್ಲಿ ಪ್ರತಿ ಅಂಕಿಗೂ ಪ್ರತ್ಯೇಕವಾದ ಅಲೆಯಾಕಾರ ಹುಟ್ಟುವಂತೆ ಗೆರೆಗಳ ದಪ್ಪವನ್ನು ಹೊಂದಿಸಲಾಗಿದೆ. ಈ ಪಟ್ಟಿಯನ್ನು ಮಡಿಸಿದರೆ, ಪಿನ್ ಚುಚ್ಚಿದರೆ, ಮೇಲೆ ಬರೆದರೆ ಓದು ತಪ್ಪಬಹುದು.

ಚಿತ್ರವೇ ಹೋಗುವುದರಿಂದ ಕೆಲವು ನಿಯಮಗಳು ಬಿಗಿಯಾಗಿವೆ. ಮುಂಭಾಗದ ಎರಡು ಮತ್ತು ಹಿಂಭಾಗದ ಒಂದು ಚಿತ್ರ ತೆಗೆಯಲಾಗುತ್ತದೆ. ಹಿಂಭಾಗದ್ದು ಶುದ್ಧ ಕಪ್ಪುಬಿಳುಪು. ತೆಳುವಾದ ಶಾಯಿಯಲ್ಲಿ ಬರೆದ ಹಿಂಬರಹ ಅದರಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಗಾಢ ಶಾಯಿ ಬಳಸಿ. ಹಾಗೆಯೇ, ದೂರದಲ್ಲಿ ಚಿತ್ರ ನೋಡುವ ಅಧಿಕಾರಿಗೆ ಕಾಗದವನ್ನು ಕೆರೆದಿದ್ದಾರೆಯೇ ಎಂದು ಬೆರಳಿನಿಂದ ಸವರಿ ನೋಡಲಾಗದು. ಅದಕ್ಕಾಗಿಯೇ ಸಿ.ಟಿ.ಎಸ್. ಚೆಕ್ಕಿನಲ್ಲಿ ಹೆಸರು, ಮೊತ್ತಗಳನ್ನು ತಿದ್ದುವಂತಿಲ್ಲ. ಪಕ್ಕದಲ್ಲಿ ಸಹಿ ಮಾಡಿದರೂ ಸಲ್ಲದು. ತಪ್ಪಾದರೆ ಹೊಸ ಎಲೆ ಬರೆಯಿರಿ. 50,000 ರೂಪಾಯಿ ಮತ್ತು ಹೆಚ್ಚಿನ ಚೆಕ್ ಬರೆದವರು ದಿನಾಂಕ, ಹೆಸರು, ಮೊತ್ತಗಳನ್ನು ತಮ್ಮ ಬ್ಯಾಂಕಿಗೆ ಮುಂಚಿತವಾಗಿ ತಿಳಿಸುವ 'ಪಾಸಿಟಿವ್ ಪೇ' ಸೌಲಭ್ಯ 2021ರ ಜನವರಿ 1ರಿಂದ ಬಂದಿದೆ. 5 ಲಕ್ಷ ಮತ್ತು ಮೇಲ್ಪಟ್ಟ ಮೊತ್ತಕ್ಕೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು.

ಖಾತೆಗೆ ಹಾಕುವಾಗ ಹಿಂಭಾಗದಲ್ಲಿ ನಿಮ್ಮ ಖಾತೆ ಸಂಖ್ಯೆ ಮತ್ತು ದೂರವಾಣಿ ಸಂಖ್ಯೆ ಬರೆಯಿರಿ. ಚೀಟಿ ಕಳಚಿಹೋದರೂ ಹಣ ದಾರಿ ತಪ್ಪುವುದಿಲ್ಲ. ಪೆಟ್ಟಿಗೆಗೆ ಹಾಕಲೇಬೇಕೆಂದಿಲ್ಲ, ಕೌಂಟರಿನಲ್ಲಿ ಕೊಟ್ಟು ಸ್ವೀಕೃತಿ ಕೇಳಿದರೆ ಯಾವ ಶಾಖೆಯೂ ನಿರಾಕರಿಸುವಂತಿಲ್ಲ.

ಮಾಗಡಿ: ಹಿಂದಿರುಗಿದ ಚೆಕ್ಕು

ಮಾಗಡಿಯ ಮಾವು ಬೆಳೆಗಾರರಿಗೆ ವ್ಯಾಪಾರಿಯೊಬ್ಬರು ಜೂನ್ 10ರ ದಿನಾಂಕದ 80,000 ರೂಪಾಯಿಯ ಚೆಕ್ ಕೊಟ್ಟಿದ್ದಾರೆ. 'ಸ್ವಲ್ಪ ದಿನ ಬಿಟ್ಟು ಹಾಕಿ' ಎಂದೂ ಹೇಳಿದ್ದಾರೆ. ಎಷ್ಟು ದಿನ ಬಿಡಬಹುದು? 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಸ್ಸು ಅದರ ದಿನಾಂಕದಿಂದ ಮೂರು ತಿಂಗಳು. ಅದಕ್ಕೆ ಮೊದಲು ಆರು ತಿಂಗಳಿತ್ತು. ಸೆಪ್ಟೆಂಬರ್ 9 ದಾಟಲು ಬಿಟ್ಟರೆ ಚೆಕ್ಕು ಹಳಸಿದಂತೆ.

ಬೆಳೆಗಾರರು ಜೂನ್ ಕೊನೆಯಲ್ಲಿ ಹಾಕಿದರು. ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂಬ ಮೆಮೊ ಜುಲೈ 1ರಂದು ಕೈಸೇರಿತು. ಸಾಲ ಅಥವಾ ಮಾಲಿನ ಬೆಲೆಯಂಥ ಕಾನೂನುಬದ್ಧ ಬಾಕಿಗೆ ಕೊಟ್ಟ ಚೆಕ್ಕು ಹೀಗೆ ಹಿಂದಿರುಗಿದರೆ ಕಲಂ 138ರ ಪ್ರಕಾರ ಅದು ಅಪರಾಧ. ಎರಡು ವರ್ಷದವರೆಗೆ ಸೆರೆವಾಸ, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ಗಡುವುಗಳನ್ನು ಪಾಲಿಸಬೇಕು:

ಮೆಮೊ ಬಂದ 30 ದಿನಗಳೊಳಗೆ ಚೆಕ್ ಬರೆದವರಿಗೆ ಲಿಖಿತ ನೋಟಿಸು ಕೊಡಬೇಕು. ಇಲ್ಲಿ ಜುಲೈ 31ರೊಳಗೆ.

ನೋಟಿಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ ಕಾಲಾವಕಾಶ. ಆಗಸ್ಟ್ 5ರಂದು ತಲುಪಿದರೆ ಆಗಸ್ಟ್ 20ರವರೆಗೆ.

ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು. ಸೆಪ್ಟೆಂಬರ್ 20ರೊಳಗೆ ಸಲ್ಲಿಸಿದರೆ ಕ್ಷೇಮ.

ಯಾವ ಊರಿನ ನ್ಯಾಯಾಲಯ? ಚೆಕ್ ಬರೆದವರ ಬ್ಯಾಂಕ್ ಇರುವ ಊರಿನಲ್ಲೇ ದೂರು ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ವ್ಯಾಪಾರಿ ಮುಂಬಯಿಯವರಾದರೆ ಬೆಳೆಗಾರರು ಮುಂಬಯಿಗೆ ಅಲೆಯಬೇಕಿತ್ತು. 2015ರ ತಿದ್ದುಪಡಿ ಇದನ್ನು ಬದಲಿಸಿತು. ಚೆಕ್ಕನ್ನು ಖಾತೆಗೆ ಹಾಕಿದ್ದರೆ, ಆ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯವೇ ವಿಚಾರಣೆ ನಡೆಸುತ್ತದೆ. ಮಾಗಡಿಯ ಬೆಳೆಗಾರರಿಗೆ ಇದರಿಂದ ಎಷ್ಟು ಅನುಕೂಲವೆಂದು ನೀವೇ ಊಹಿಸಬಹುದು.

ತರಗತಿಯಲ್ಲಿ ಮಾಡಿ ನೋಡಿ

ಬಳಸದ ಒಂದು ಚೆಕ್ ಎಲೆಯ ಮೇಲೆ ಎರಡು ಅಡ್ಡಗೆರೆ ಎಳೆದು 'ರದ್ದು' ಎಂದು ದೊಡ್ಡದಾಗಿ ಬರೆಯಿರಿ, ಸಹಿ ಮಾಡಬೇಡಿ. ಖಾತೆ ಸಂಖ್ಯೆಯ ಮೇಲೆ ಕಾಗದದ ತುಂಡು ಅಂಟಿಸಿ.

ಬೆಳಕಿಗೆ ಹಿಡಿಯಿರಿ: ಕಾಗದದೊಳಗೆ 'ಸಿ.ಟಿ.ಎಸ್.-ಇಂಡಿಯಾ' ಎಂಬ ನೀರುಗುರುತು ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತದೆ.

ನೋಟು ಪರೀಕ್ಷಿಸುವ ಅತಿನೇರಿಳೆ ದೀಪದಡಿ ಇಡಿ: ಬರಿಗಣ್ಣಿಗೆ ಕಾಣದ ಬ್ಯಾಂಕಿನ ಲಾಂಛನ ಹೊಳೆಯುತ್ತದೆ. ಆ ಶಾಯಿಯು ಅತಿನೇರಿಳೆ ಕಿರಣಗಳನ್ನು ಹೀರಿ ಕಾಣುವ ಬೆಳಕನ್ನು ಹೊರಸೂಸುವುದೇ ಕಾರಣ.

ನೆರಳಚ್ಚು ತೆಗೆಯಿರಿ: ಮೂಲದಲ್ಲಿ ಕಾಣದ, 'ಅಸಿಂಧು' ಎಂಬರ್ಥದ 'ವಾಯ್ಡ್' ಎಂಬ ಪದ ಪ್ರತಿಯಲ್ಲಿ ಮೂಡುತ್ತದೆಯೇ ನೋಡಿ.

ಅನಂತರ ಮಕ್ಕಳಿಗೆ ಒಂದೊಂದು ಕಾಗದದ ಚೆಕ್ ಕೊಟ್ಟು, 'ಇದು ದಾರಿಯಲ್ಲಿ ಕಳೆದರೆ ಹಣ ಯಾರಿಗೆ ಸಿಗಬಹುದು?' ಎಂದು ಕೇಳಿ. ಬೇರರ್, ಆರ್ಡರ್, ಗೆರೆ ಎಳೆದದ್ದು, ಅಕೌಂಟ್ ಪೇಯೀ - ಪ್ರತಿಯೊಂದಕ್ಕೂ ಉತ್ತರ ಬೇರೆ. ಆ ನಾಲ್ಕು ಉತ್ತರಗಳನ್ನು ಸರಿಯಾಗಿ ಹೇಳಬಲ್ಲ ಮಗು, ಮನೆಗೆ ಬಂದ ಚೆಕ್ಕಿನ ಬೆನ್ನ ಮೇಲೆ ಅಪ್ಪ ಸಹಿ ಮಾಡಹೊರಟಾಗ 'ತಾಳಿ' ಎನ್ನಬಲ್ಲದು.